“ಸರಾಸರಿ ಅಂದ್ರ ಸುಳ್ಳೇನ್ರೀ?”: ಹೈಸ್ಕೂಲ್ ಮಕ್ಕಳಿಗೆ ಸಂಖ್ಯಾಶಾಸ್ತ್ರ ಎಲ್ಲಿಂದ ಶುರು ಮಾಡಬೇಕು

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕನ್ನಡ ಮಾಧ್ಯಮ, 9 ಮತ್ತು 10ನೇ ತರಗತಿ. ಸಂಖ್ಯಾಶಾಸ್ತ್ರದ ಪಾಠ ಅಂದರೆ ಮಕ್ಕಳಿಗೆ ಖುಷಿ, ಸೂತ್ರಕ್ಕೆ ಬೆಲೆ ಹಾಕಿದರೆ ಅಂಕ ಗ್ಯಾರಂಟಿ ಅಂತ. ಆದರೆ ಸರಾಸರಿ 62.3 ಬಂತು ಅಂದರೆ ಏನರ್ಥ ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಹೋದ ವರ್ಷ ನಮ್ಮದೇ ಮಾಹಿತಿ ಕೂಡಿಸೋಣ ಅಂತ, ಮನೆಯ ತಿಂಗಳ ಆದಾಯ ಬರೆದುಕೊಂಡು ಬನ್ನಿ ಎಂದೆ. ತಪ್ಪಾಯಿತು. ಮರುದಿನ ಇಬ್ಬರು ಹುಡುಗಿಯರು ಶಾಲೆಗೇ ಬರಲಿಲ್ಲ. ಈ ಸಲ ಒಬ್ಬ ಹುಡುಗ ಕೇಳಿದ: “ಅಕ್ಕೋರ, ನಮ್ಮ ಹೊಲದಾಗ ಹೆಸರಿನ ಬೆಳಿ ಪೂರಾ ಹೋತು. ಪಂಚಾಯ್ತಿ ಸರಾಸರಿ ಚಲೋ ಐತಿ ಅಂತ ವಿಮಾ ರೊಕ್ಕ ಬರಲಿಲ್ಲ. ಸರಾಸರಿ ಅಂದ್ರ ಸುಳ್ಳೇನ್ರೀ?” ನನಗೆ ಉತ್ತರ ಹೊಳೆಯಲಿಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೂ ಇಲ್ಲದ ಹಾಗೆ. ಎಸ್ಸೆಸ್ಸೆಲ್ಸಿ ಒತ್ತಡ ಬೇರೆ. ಈ ವಿಷಯವನ್ನು ಮಕ್ಕಳಿಗೆ ನಿಜವಾಗಿ ಪರಿಚಯಿಸುವುದು ಹೇಗೆ? ಮುಂದೆ ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ ಅಂತ ಪಾಲಕರೂ ಕೇಳುತ್ತಾರೆ.

ಉತ್ತರ: ಮೇಡಂ, ಧಾರವಾಡದ ಕಾಲೇಜುಗಳಲ್ಲಿ ಸುಮಾರು 30 ವರ್ಷ ಈ ವಿಷಯ ಕಲಿಸಿದ್ದೇನೆ. ಪ್ರತಿ ವರ್ಷವೂ ಪಿಯುಸಿಗೆ ಬರುವ ಮಕ್ಕಳಲ್ಲಿ ನೀವು ಹೇಳಿದ್ದನ್ನೇ ನೋಡಿದ್ದೇನೆ. ಲೆಕ್ಕ ಸರಿ, ಅರ್ಥ ಸೊನ್ನೆ. ನಿಮ್ಮ ಚಿಂತೆ ಮೂರು: ಪಾಠ ಸೂತ್ರಕ್ಕೇ ನಿಂತುಬಿಡುತ್ತದೆ, ಹೊರಗೆ ತರಲು ಹೋದರೆ ಮಕ್ಕಳಿಗೆ ನೋವಾಗುತ್ತದೆ, ಸಮಯ ಇಲ್ಲ. ಆದರೆ ನಾನು ಶುರು ಮಾಡುವುದು ಆ ಹುಡುಗನಿಂದ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಎಂ.ಎಸ್‌ಸಿ. ತರಗತಿಯಲ್ಲೂ ಯಾರೂ ಕೇಳಿರಲಿಲ್ಲ.

ಅವನಿಗೆ ಕೊಡಬೇಕಾದ ಉತ್ತರ ಇದು: ಸರಾಸರಿ ಸುಳ್ಳು ಹೇಳಿಲ್ಲ. ಅವನು ಕೇಳಿದ್ದು ತನ್ನ ಹೊಲದ ಪ್ರಶ್ನೆ, ಸರಾಸರಿ ಉತ್ತರ ಕೊಟ್ಟಿದ್ದು ಪಂಚಾಯಿತಿಯ ಪ್ರಶ್ನೆಗೆ. ಇದನ್ನು ಬಾಯಲ್ಲಿ ಹೇಳಿದರೆ ಅವನಿಗೆ ಸಮಾಧಾನ ಆಗುವುದಿಲ್ಲ. ಬೋರ್ಡಿನ ಮೇಲೆ ಲೆಕ್ಕ ಮಾಡಿಸಿ.

ಬೆಳೆ ವಿಮೆಯ ಫಸಲ್ ಬಿಮಾ ಯೋಜನೆಯಲ್ಲಿ ಒಂದು ‘ಮಿತಿ ಇಳುವರಿ’ ಇರುತ್ತದೆ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬೆಳೆದ 5 ವರ್ಷಗಳ ಸರಾಸರಿ ತೆಗೆದು, ಅದನ್ನು ಶೇ 70, 80 ಅಥವಾ 90ರಿಂದ ಗುಣಿಸುತ್ತಾರೆ. ಲೆಕ್ಕಕ್ಕೆ ಅಂತ ಎಕರೆಗೆ ಇಷ್ಟು ಕ್ವಿಂಟಲ್ ಹೆಸರು ಬಂತು ಎಂದು ಹಿಡಿಯಿರಿ: 4, 3, 5, 1.5, 4.5, 2, 3.5. ಮೇಲಿನ ಐದನ್ನು ಕೂಡಿಸಿದರೆ 20, ಸರಾಸರಿ 4. ಅದರ ಶೇ 80 ಅಂದರೆ 3.2. ಈ ವರ್ಷ ಪಂಚಾಯಿತಿಯ ಸರಾಸರಿ 3.2ಕ್ಕಿಂತ ಕೆಳಗಿಳಿದರೆ ಮಾತ್ರ ಪರಿಹಾರ.

ಈ ವರ್ಷದ ಸರಾಸರಿ ಎಲ್ಲಿಂದ ಬರುತ್ತದೆ? ಬೆಳೆ ಕಟಾವು ಪ್ರಯೋಗದಿಂದ. ಮುಖ್ಯ ಬೆಳೆಗೆ ಒಂದು ಪಂಚಾಯಿತಿಯಲ್ಲಿ ಕನಿಷ್ಠ 4 ಕಡೆ ಕೊಯ್ದು, ಒಕ್ಕಿ, ತೂಗಬೇಕು ಎಂಬುದು ನಿಯಮ. ಹಲವು ಬೆಳೆಗಳಿಗೆ ಅಳೆಯುವ ತುಂಡು 5 ಮೀಟರ್ ಉದ್ದ, 5 ಮೀಟರ್ ಅಗಲ, ಅಷ್ಟೇ. ನಾಲ್ಕು ಕಡೆ ಎಕರೆಗೆ 4.5, 4, 4 ಮತ್ತು 0.5 ಕ್ವಿಂಟಲ್ ಲೆಕ್ಕದಲ್ಲಿ ಬಂತು ಅನ್ನಿ. ಸರಾಸರಿ 3.25. ಮಿತಿಗಿಂತ ಕೂದಲೆಳೆಯಷ್ಟು ಮೇಲೆ. ಯಾರಿಗೂ ರೊಕ್ಕ ಇಲ್ಲ. ಆ 0.5ರ ಹೊಲ ನಿಮ್ಮ ಹುಡುಗನದೇ ಆಗಿದ್ದರೂ ಅಷ್ಟೇ, ಅದರ ಪಕ್ಕದ್ದಾದರೂ ಅಷ್ಟೇ.

ಈಗ ಮಕ್ಕಳನ್ನು ಕೇಳಿ: ಒಂದು 4ರ ಬದಲು 3.5ರ ಹೊಲ ಸಿಕ್ಕಿದ್ದರೆ? ಸರಾಸರಿ 3.125. ಮಿತಿಗಿಂತ ಕೆಳಗೆ. ಆಗ ಎಲ್ಲರಿಗೂ ಪರಿಹಾರ, ಒಳ್ಳೆಯ ಬೆಳೆ ತೆಗೆದವರಿಗೂ. ಹಾಗಂತ ದೊಡ್ಡ ಮೊತ್ತ ಏನಲ್ಲ. ಕೊರತೆ 0.075, ಅದನ್ನು 3.2ರಿಂದ ಭಾಗಿಸಿದರೆ ವಿಮಾ ಮೊತ್ತದ ಶೇ 2.3ರಷ್ಟು. ಇದನ್ನೂ ಮಕ್ಕಳೇ ಲೆಕ್ಕ ಹಾಕಲಿ. ಮಧ್ಯಾಂಕ, ಅಂದರೆ ಅಂಕಿಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ, ತೆಗೆದಿದ್ದರೆ ಏನಾಗುತ್ತಿತ್ತು ಎಂದೂ ನೋಡಲಿ. ಮೊದಲ ಸಲ ಮಧ್ಯಾಂಕ 4, ಎರಡನೇ ಸಲ 3.75. ಎರಡು ಸಲವೂ ‘ಬೆಳೆ ಚಲೋ ಐತಿ’ ಎಂದೇ ಹೇಳುತ್ತದೆ. ಹೋದ ಹೊಲ ಅದರ ಕಣ್ಣಿಗೇ ಬೀಳುವುದಿಲ್ಲ. ಸರಾಸರಿಯನ್ನು ಬೈಯುವ ಹುಡುಗನಿಗೆ, ತನ್ನ ಹೊಲದ ನಷ್ಟವನ್ನು ಸ್ವಲ್ಪವಾದರೂ ಲೆಕ್ಕಕ್ಕೆ ಹಿಡಿದಿದ್ದು ಸರಾಸರಿಯೇ ಎಂದು ಗೊತ್ತಾಗುವುದು ಇಲ್ಲಿ.

ಇನ್ನೊಂದು ಮಾತು ಅವನ ಮನೆಯವರಿಗೂ ಮುಟ್ಟಲಿ. ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪ ಆದಾಗ 72 ಗಂಟೆಯೊಳಗೆ ತಿಳಿಸಿದರೆ, ಆ ಹೊಲವನ್ನೇ ಪ್ರತ್ಯೇಕವಾಗಿ ನೋಡುವ ನಿಯಮ ಇದೇ ಯೋಜನೆಯಲ್ಲಿದೆ. ಅಂದರೆ ನಿಯಮ ಮಾಡಿದವರಿಗೂ ಸರಾಸರಿಯ ಮಿತಿ ಗೊತ್ತಿತ್ತು.

ನೋಡಿ, ಇಷ್ಟರಲ್ಲಿ ಒಂದೂ ಹೊಸ ಸೂತ್ರ ಬರಲಿಲ್ಲ. ಬಂದಿದ್ದು ಏರುಪೇರು. ಹೊಲದಿಂದ ಹೊಲಕ್ಕೆ ಏರುಪೇರು, ಯಾವ ಹೊಲ ಆರಿಸಿದೆವು ಎನ್ನುವುದರಿಂದ ಬರುವ ಏರುಪೇರು. ನನ್ನ ಪ್ರಕಾರ ಸಂಖ್ಯಾಶಾಸ್ತ್ರ ಹುಟ್ಟುವುದೇ ಅಲ್ಲಿ. ಎಲ್ಲ ಹೊಲವೂ ಒಂದೇ ಥರ ಬೆಳೆದಿದ್ದರೆ ಈ ಶಾಸ್ತ್ರವೇ ಬೇಕಿರಲಿಲ್ಲ. ನಮ್ಮ ಪುಸ್ತಕಗಳು ಏರುಪೇರನ್ನು ಮೊದಲೇ ವರ್ಗಾಂತರಗಳಲ್ಲಿ (0–10, 10–20 ಎಂಬಂಥ ಗುಂಪುಗಳಲ್ಲಿ) ಕಟ್ಟಿಟ್ಟು, ಆವೃತ್ತಿ (ಒಂದೊಂದು ಗುಂಪಿನಲ್ಲಿ ಎಷ್ಟು) ಬರೆದು, ಶುದ್ಧ ಮಾಡಿ ಕೊಡುತ್ತವೆ. ಮಗುವಿಗೆ ಉಳಿಯುವುದು ಗುಣಾಕಾರ, ಭಾಗಾಕಾರ. ಸರಾಸರಿ ತೆಗೆಯುವ ಹಂತ ವಿಚಲನಾ ವಿಧಾನವನ್ನೇ ತೆಗೆದುಕೊಳ್ಳಿ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಕೈಲೆಕ್ಕ ಹಗುರವಾಗಲಿ ಅಂತ ಬಂದ ಜಾಣತನ ಅದು. ಇವತ್ತು ಮಕ್ಕಳು ಅದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಗೆ ಬೇಕಾದಷ್ಟು ಕಲಿಸಿ, ಅದರ ಮೇಲೆ ಜಾಸ್ತಿ ಹೊತ್ತು ಕಳೆಯಬೇಡಿ.

ಇನ್ನು ಸಾಮಾನ್ಯವಾಗಿ ಕೇಳಿಬರುವ ಮಾತುಗಳು. ‘ಅಂಕಿಅಂಶದಿಂದ ಏನು ಬೇಕಾದರೂ ಸಾಧಿಸಬಹುದು’ ಅನ್ನುತ್ತಾರೆ. ಸಾಧಿಸಬಹುದು, ಕೇಳುವವನಿಗೆ ಗೊತ್ತಿಲ್ಲದಿದ್ದರೆ. ‘ಕಂಪ್ಯೂಟರ್ ಇಲ್ಲದೆ ಆಗುವುದಿಲ್ಲ’ ಅನ್ನುತ್ತಾರೆ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರು 1930ರ ದಶಕದಲ್ಲಿ ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ (ಕೆಲವೇ ಹೊಲ ನೋಡಿ ಎಲ್ಲದರ ಲೆಕ್ಕ ಹಿಡಿಯುವುದು) ಅಂದಾಜು ಮಾಡಲು ಹೊರಟಾಗ ದೇಶದಲ್ಲಿ ಒಂದೂ ಕಂಪ್ಯೂಟರ್ ಇರಲಿಲ್ಲ.

‘ಮಾಹಿತಿ ಜಾಸ್ತಿ ಇದ್ದಷ್ಟೂ ಒಳ್ಳೆಯದು’ ಎಂಬುದು ಇವೆಲ್ಲಕ್ಕಿಂತ ಅಪಾಯದ ಮಾತು. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಚೀಟಿ ಕಳಿಸಿ, ಅಧ್ಯಕ್ಷರ ಚುನಾವಣೆಯಲ್ಲಿ ಯಾರಿಗೆ ಮತ ಎಂದು ಕೇಳಿತು. ಸುಮಾರು 24 ಲಕ್ಷ ಉತ್ತರ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದದ್ದು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46 ಅವರ ಪಾಲು. ಪತ್ರಿಕೆಯವರು ವಿಳಾಸ ತೆಗೆದಿದ್ದು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಆ ಬಡತನದ ವರ್ಷಗಳಲ್ಲಿ ಫೋನು, ಕಾರು ಯಾರ ಮನೆಯಲ್ಲಿದ್ದವು? ಅದಕ್ಕೇ ಬೆಳೆ ಕಟಾವಿಗೆ ಹೊಲ ಆರಿಸುವಾಗ, ರಸ್ತೆ ಪಕ್ಕದ ಚೆಂದದ ಹೊಲಕ್ಕೆ ಹೋಗದೆ ಯಾದೃಚ್ಛಿಕ ಸಂಖ್ಯೆ ನೋಡಿ ಸರ್ವೆ ನಂಬರ್ ತೆಗೆಯುವುದು. ಯಾದೃಚ್ಛಿಕ ಅಂದರೆ ಮಕ್ಕಳಿಗೆ ತಿಳಿಯುವುದಿಲ್ಲ. ‘ಚೀಟಿ ಎತ್ತಿದ ಹಾಗೆ’ ಅನ್ನಿ, ಸಾಕು.

ತರಗತಿಯಲ್ಲಿ ಏನು ಮಾಡಿಸಬಹುದು? ನನಗೆ ಎಲ್ಲಕ್ಕಿಂತ ಇಷ್ಟ ಮೊಳಕೆ ಪರೀಕ್ಷೆ. ನಿಮ್ಮ ಮಕ್ಕಳ ಮನೆಗಳಲ್ಲಿ ಇದು ಹೊಸದಲ್ಲ. ಬಿತ್ತುವ ಮುಂಚೆ 100 ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ಎಣಿಸುತ್ತಾರೆ. ಸೋಯಾ ಬೀಜಕ್ಕೆ ಪ್ರಮಾಣಿತ ಕನಿಷ್ಠ ಮಟ್ಟ ಶೇ 70. ಒಂದೇ ಚೀಲದ ಬೀಜವನ್ನು ಎಂಟು ಗುಂಪಿಗೆ ನೂರು ನೂರು ಕೊಡಿ. ವಾರದೊಳಗೆ ಒಂದು ಗುಂಪು 68 ಅನ್ನುತ್ತದೆ, ಇನ್ನೊಂದು 76 ಅನ್ನುತ್ತದೆ. ಜಗಳ ಶುರು. ಯಾರೋ ತಪ್ಪು ಎಣಿಸಿದ್ದಾರೆ ಅಂತಾರೆ. ಇಲ್ಲ, ಇಬ್ಬರೂ ಸರಿ. ಚೀಲದ ನಿಜವಾದ ಪ್ರಮಾಣ ಶೇ 70 ಇದ್ದರೂ ನೂರು ಕಾಳಿನ ಪರೀಕ್ಷೆಯಲ್ಲಿ 61ರಿಂದ 79ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಅದರಾಚೆ ಹೋಗುವುದು ಅಪರೂಪ, ನೂರರಲ್ಲಿ ಐದು ಸಲ ಇರಬಹುದು. ಬರೀ 25 ಕಾಳು ಹಾಕಿದರೆ ಈ ಏರುಪೇರು ಶೇಕಡಾ ಲೆಕ್ಕದಲ್ಲಿ ಎರಡು ಪಟ್ಟಾಗುತ್ತದೆ. ಕಾಳು ನಾಲ್ಕು ಪಟ್ಟು ಮಾಡಿದರೆ ಏರುಪೇರು ಇಳಿಯುವುದು ಅರ್ಧಕ್ಕೆ, ಕಾಲು ಭಾಗಕ್ಕೆ ಇಳಿಯುವುದಿಲ್ಲ. ಇದರ ಸೂತ್ರ ಈಗ ಬೇಡ. ಕಣ್ಣಲ್ಲಿ ನೋಡಿದ ಮಗುವಿಗೆ ಪಿಯುಸಿಯಲ್ಲಿ ಸೂತ್ರ ತಾನೇ ಹತ್ತುತ್ತದೆ.

ಗಣಿತ ಶಿಕ್ಷಕರಿಗೆ ಇಲ್ಲಿ ಸ್ವಲ್ಪ ಕಸಿವಿಸಿ ಆಗುತ್ತದೆ, ನನಗೂ ಆಗಿತ್ತು. ಗಣಿತದಲ್ಲಿ ಎರಡು ಉತ್ತರ ಬಂದರೆ ಒಂದು ತಪ್ಪು. ಇಲ್ಲಿ ಎಂಟು ಗುಂಪಿಗೆ ಎಂಟು ಉತ್ತರ, ಎಲ್ಲವೂ ಸರಿ. ‘ಚೀಲ ವಾಪಸ್ ಕೊಡಬೇಕೋ ಬೇಡವೋ’ ಅಂತ ಮಕ್ಕಳು ವಾದ ಮಾಡಲಿ. ನೀವು ಬೇಗ ತೀರ್ಪು ಕೊಡಬೇಡಿ. ಒಂದು ಎಚ್ಚರಿಕೆ ಮಾತ್ರ: ಅಂಗಡಿಯಿಂದ ತಂದ ಬೀಜಕ್ಕೆ ಔಷಧ ಹಚ್ಚಿರುತ್ತಾರೆ, ಬಣ್ಣವೂ ಇರುತ್ತದೆ. ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಮನೆಯಲ್ಲಿಟ್ಟ ಬೀಜವೇ ಆಗಲಿ.

ಮಳೆ ಬಿಡದಿದ್ದರೆ ಒಳಗೇ ಆಡುವ ಇನ್ನೊಂದು ಆಟ ಇದೆ. ಶಿರಹಟ್ಟಿ ಕಡೆಯ ಮಾಗಡಿ ಕೆರೆಯನ್ನು ನಿಮ್ಮ ಮಕ್ಕಳು ನೋಡಿರಬಹುದು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವ ಕೆರೆ. ಅಂಥ ಕೆರೆಯಲ್ಲಿ ಮೀನು ಎಷ್ಟಿವೆ ಎಂದು ಎಣಿಸುವುದು ಹೇಗೆ? ಒಂದು ಡಬ್ಬಿ ತುಂಬ ಹುಣಸೆ ಬೀಜ ಹಾಕಿ, ಡಬ್ಬಿಯೇ ಕೆರೆ, ಬೀಜವೇ ಮೀನು. 50 ತೆಗೆದು, ಚೌಕಾಬಾರ ಆಡಲು ತೇಯುತ್ತೇವಲ್ಲ, ಹಾಗೆ ಒಂದು ಬದಿ ಕಲ್ಲಿಗೆ ತೇಯ್ದು ಬಿಳಿ ಮಾಡಿ ವಾಪಸ್ ಹಾಕಿ. ಚೆನ್ನಾಗಿ ಕಲಸಿ. ಈಗ ಕಣ್ಣು ಮುಚ್ಚಿ 40 ತೆಗೆಯಿರಿ. ಅದರಲ್ಲಿ 8 ಬಿಳಿ ಇದ್ದರೆ ಐದಕ್ಕೆ ಒಂದು. ಹಾಗಾದರೆ ಡಬ್ಬಿಯಲ್ಲೂ ಐದಕ್ಕೆ ಒಂದು, ಒಟ್ಟು 250. ಬೇರೆ ಗುಂಪಿಗೆ 10 ಬಿಳಿ ಬಂದರೆ 200, 6 ಬಂದರೆ 333. ಎಲ್ಲ ಗುಂಪಿನ ಉತ್ತರವನ್ನೂ ಗೋಡೆಗೆ ಹಚ್ಚಿದ ಕಾಗದದ ಮೇಲೆ ಟಿಕಳಿ (ಹಣೆಯ ಬಿಂದಿ) ಅಂಟಿಸಿ ತೋರಿಸಿ, ಒಂದು ಉತ್ತರಕ್ಕೆ ಒಂದು ಟಿಕಳಿ. ಆ ಟಿಕಳಿಗಳ ಗುಂಪೇ ಅವರ ಮೊದಲ ನಕ್ಷೆ. ಆಮೇಲೆ ಡಬ್ಬಿ ಸುರುವಿ ಎಣಿಸಿ. ನಾನು ಮೊದಲ ವರ್ಷ ಇದನ್ನು ಹುರಿದ ಶೇಂಗಾದಲ್ಲಿ ಮಾಡಿಸಿದ್ದೆ. ಹಿಂದಿನ ಬೆಂಚಿನವರು ಅರ್ಧ ಕೆರೆಯನ್ನೇ ತಿಂದಿದ್ದರು.

ಅದೇ ಹುಣಸೆ ಬೀಜ ಸಂಭವನೀಯತೆಗೂ ಆಗುತ್ತದೆ. ನಾಣ್ಯಕ್ಕೆ ಪುಸ್ತಕ ಅರ್ಧ ಎಂದು ಹೇಳಿಬಿಟ್ಟಿದೆ. ತೇಯ್ದ ಬೀಜ ಬಿಳಿ ಬೀಳುವ ಸಂಭವ ಎಷ್ಟು? ಯಾವ ಪುಸ್ತಕದಲ್ಲೂ ಇಲ್ಲ. ಇನ್ನೂರು ಸಲ ಎಸೆದೇ ನೋಡಬೇಕು.

ಬಹುಲಕಕ್ಕೆ, ಅಂದರೆ ಅತಿ ಹೆಚ್ಚು ಸಲ ಬರುವ ಬೆಲೆಗೆ, ಪತ್ರಿಕೆಯ ಮಾರುಕಟ್ಟೆ ಧಾರಣೆ ಸಾಕು. ಬ್ಯಾಡಗಿ ಮೆಣಸಿನಕಾಯಿ ದರ ಬರುತ್ತದಲ್ಲ, ಕನಿಷ್ಠ, ಗರಿಷ್ಠ, ಮಾದರಿ ಅಂತ. ಆ ‘ಮಾದರಿ’ ದರವೇ ಬಹುಲಕ, ಹೆಚ್ಚಿನ ಮಾಲು ಹೋದ ದರ. ಕಡ್ಡಿ ತಳಿಗೂ ಡಬ್ಬಿ ತಳಿಗೂ, ಒಣಗಿದ್ದಕ್ಕೂ ಹಸಿಗೂ ದರದಲ್ಲಿ ಅಜಗಜಾಂತರ ಇರುವಾಗ ಸರಾಸರಿಯನ್ನು ಏಕೆ ಹಾಕಲಿಲ್ಲ ಎಂದು ಕೇಳಿ ಬಿಟ್ಟುಬಿಡಿ. ರೈತರ ಮಕ್ಕಳು ನಿಮಗಿಂತ ಚೆನ್ನಾಗಿ ಉತ್ತರ ಹೇಳುತ್ತಾರೆ.

ಆದಾಯದ ವಿಚಾರ. ಮೇಡಂ, ಅದಕ್ಕೆ ಬಹಳ ಬೇಜಾರು ಮಾಡಿಕೊಳ್ಳಬೇಡಿ, ಆದರೆ ಮತ್ತೆ ಮಾಡಬೇಡಿ. ಆದಾಯ, ಜಾತಿ, ತೂಕ, ಅಂಕ, ಅಪ್ಪನ ಕುಡಿತ, ಸಾಲ: ಇವನ್ನು ತರಗತಿಯಲ್ಲಿ ಮಾಹಿತಿ ಅಂತ ಕೇಳಬಾರದು. ಚೀಟಿಯಲ್ಲಿ ಹೆಸರಿಲ್ಲದೆ ಬರೆಯಿರಿ ಅಂದರೂ ಸಣ್ಣ ಊರಲ್ಲಿ ಅಕ್ಷರ ನೋಡಿಯೇ ಗೊತ್ತಾಗುತ್ತದೆ. ಬಸ್ಸು ಎಷ್ಟು ತಡ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಮಳೆಮಾಪನದಲ್ಲಿ ಎಷ್ಟು ಮಿ.ಮೀ., ಇಂಥವು ಸಾಕಷ್ಟಿವೆ. ಬಸ್ಸಿನದು ಒಂದು ಚೆಂದದ ಲೆಕ್ಕ. ಎರಡು ಬಸ್ಸು, ಎರಡರದ್ದೂ ಸರಾಸರಿ ತಡ 10 ನಿಮಿಷ. ಒಂದು ಯಾವಾಗಲೂ 8ರಿಂದ 12 ನಿಮಿಷ ತಡ, ಇನ್ನೊಂದು ಎರಡು ದಿನ ಸರಿಯಾದ ಹೊತ್ತಿಗೆ, ಮೂರನೇ ದಿನ ಅರ್ಧ ಗಂಟೆ ತಡ. ಪರೀಕ್ಷೆಯ ದಿನ ಯಾವುದಕ್ಕೆ ಹತ್ತುತ್ತೀರಿ?

ಗುಟ್ಟಿನ ಪ್ರಶ್ನೆ ಕೇಳಲೇಬೇಕು ಅನಿಸಿದರೆ ಒಂದು ಉಪಾಯ ಇದೆ. 1965ರಲ್ಲಿ ವಾರ್ನರ್ ಎಂಬವರು ಸೂಚಿಸಿದ ವಿಧಾನದ ಸರಳ ರೂಪ ಇದು. ‘ಹೋಂವರ್ಕ್ ನಕಲು ಮಾಡಿದ್ದೀರಾ?’ ಎಂಬುದು ಪ್ರಶ್ನೆ. ಪ್ರತಿಯೊಬ್ಬರೂ ಯಾರಿಗೂ ಕಾಣದ ಹಾಗೆ ನಾಣ್ಯ ಚಿಮ್ಮಬೇಕು. ತಲೆ ಬಿದ್ದರೆ ಸುಮ್ನೆ ‘ಹೌದು’ ಅನ್ನಬೇಕು, ಬಾಲ ಬಿದ್ದರೆ ನಿಜ ಹೇಳಬೇಕು. 40 ಮಕ್ಕಳಲ್ಲಿ 29 ‘ಹೌದು’ ಬಂತು ಅನ್ನಿ. ಸುಮಾರು 20 ನಾಣ್ಯದ್ದು. ಉಳಿದ 20ರಲ್ಲಿ 9 ನಿಜವಾದ ‘ಹೌದು’, ಅಂದರೆ ಸುಮಾರು ಶೇ 45. ಯಾವ ‘ಹೌದು’ ಯಾರದ್ದು ಎಂದು ನಿಮಗೂ ಗೊತ್ತಾಗುವುದಿಲ್ಲ. ಇಷ್ಟು ಸಣ್ಣ ಗುಂಪಿನಲ್ಲಿ ಉತ್ತರ ಬಹಳ ಒರಟಾಗಿ ಬರುತ್ತದೆ, ಅದನ್ನೂ ಅವರಿಗೆ ಹೇಳಿ.

ಸಮಯದ ಬಗ್ಗೆ ನಿಮ್ಮ ಮುಂದೆ ಮೂರು ದಾರಿ ಇವೆ. ಪುಸ್ತಕದ ಅಧ್ಯಾಯದೊಳಗೇ ಪುಸ್ತಕದ ಕೋಷ್ಟಕ ಬಿಟ್ಟು ಮಕ್ಕಳ ಕೋಷ್ಟಕ ಹಾಕಬಹುದು. ಹೆಚ್ಚು ಅವಧಿ ಬೇಡ, ಆದರೆ ಮಕ್ಕಳ ಅಂಕಿಗಳು ಅಚ್ಚುಕಟ್ಟಾಗಿ ಭಾಗವಾಗುವುದಿಲ್ಲ. ನಿಧಾನವಾಗಿ ಕಲಿಯುವವರು ಅಲ್ಲೇ ಸಿಕ್ಕಿಬೀಳುತ್ತಾರೆ. ವಿಜ್ಞಾನ ಮೇಳಕ್ಕೆ ಪ್ರಾಜೆಕ್ಟ್ ಮಾಡಿಸಬಹುದು. ಅಲ್ಲಿ ಮೂರು ಜಾಣ ಮಕ್ಕಳು ಕೆಲಸ ಮಾಡಿ ಮೂವತ್ತು ಮಂದಿ ನೋಡುತ್ತಾರೆ. ಜತೆಗೆ ಬಣ್ಣಬಣ್ಣದ ವೃತ್ತನಕ್ಷೆಗಳ ಕಾಟ ಬೇರೆ. ನನ್ನ ಆಯ್ಕೆ ಮೂರನೆಯದು. 9ನೇ ತರಗತಿಯಲ್ಲಿ ಶನಿವಾರ ಬೆಳಗಿನ 20 ನಿಮಿಷ, ತಿಂಗಳಿಗೆ ಎರಡು ಸಲ. 10ನೇ ತರಗತಿಯನ್ನು ಮುಟ್ಟಬೇಡಿ, ಅಲ್ಲಿ ಮುಖ್ಯೋಪಾಧ್ಯಾಯರು, ಪಾಲಕರು ಎಲ್ಲರ ಕಣ್ಣೂ ಫಲಿತಾಂಶದ ಮೇಲೆ. ಈ ದಾರಿಯ ತೊಂದರೆ ಏನೆಂದರೆ ಅಂಕ ಇಲ್ಲದ ಕೆಲಸ ಎರಡು ತಿಂಗಳಲ್ಲಿ ಸೊರಗುತ್ತದೆ. ಶುರುವಿಗೆ ಜೂನ್ 29 ಒಳ್ಳೆಯ ದಿನ. ಅದು ಮಹಾಲನೋಬಿಸ್ ಹುಟ್ಟಿದ ದಿನ, 2007ರಿಂದ ರಾಷ್ಟ್ರೀಯ ಸಾಂಖ್ಯಿಕ ದಿನ. ಶಾಲೆ ಆಗಷ್ಟೇ ಶುರುವಾಗಿರುತ್ತದೆ, ಮನೆಗಳಲ್ಲಿ ಬಿತ್ತನೆಯ ಮಾತೇ ನಡೆದಿರುತ್ತದೆ.

ಪಾಲಕರಿಗೆ ಏನು ಹೇಳಬೇಕು? ಕೆಲಸ ಖಂಡಿತ ಅಂತ ಹೇಳಬೇಡಿ. ಯಾವ ವಿಷಯಕ್ಕೂ ಹಾಗೆ ಹೇಳುವ ಕಾಲ ಇದಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜತೆ ಜೀವಶಾಸ್ತ್ರದ ಬದಲು ಸಂಖ್ಯಾಶಾಸ್ತ್ರ ತೆಗೆದುಕೊಳ್ಳಬಹುದು. ಎಂಜಿನಿಯರಿಂಗ್ ಸಿಇಟಿಗೆ ಅದರಿಂದ ಅಡ್ಡಿ ಇಲ್ಲ, ಆದರೆ ಜೀವಶಾಸ್ತ್ರ ಓದದೆ ವೈದ್ಯಕೀಯಕ್ಕೆ ಹೋಗಲಾಗದು. ವಾಣಿಜ್ಯದಲ್ಲೂ ಸಂಖ್ಯಾಶಾಸ್ತ್ರ ಇರುವ ಸಂಯೋಜನೆ ಇದೆ. ಎಲ್ಲ ಕಾಲೇಜಿನಲ್ಲೂ ಸಿಗುವುದಿಲ್ಲ, ಮೊದಲೇ ವಿಚಾರಿಸಬೇಕು. ಮುಂದೆ ಓದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಇದೆ. ಗಣಿತದಲ್ಲಿ ನಿಜವಾಗಿ ಚುರುಕಾದ ಮಗುವಿಗೆ ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಪದವಿ ಕೋರ್ಸಿನ ಬಗ್ಗೆ ಈಗಲೇ ಹೇಳಿಡಿ, ಪೈಪೋಟಿ ಬಹಳ. ಸರ್ಕಾರದಲ್ಲಿ ಭಾರತೀಯ ಸಾಂಖ್ಯಿಕ ಸೇವೆ ಇದೆ, ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಇದೆ. ಉಳಿದಂತೆ ವಿಮೆ, ಬ್ಯಾಂಕು, ಔಷಧ ಕಂಪನಿ, ಸಾಫ್ಟ್‌ವೇರ್.

ಮಕ್ಕಳಿಗೆ ಒಂದು ಹೆಸರು ಬೇಕು ಅಂದರೆ ದೂರ ಹೋಗಬೇಕಿಲ್ಲ. ಮುಂಡರಗಿ ದಾಟಿ ತುಂಗಭದ್ರೆಯ ಆಚೆ ಹೋದರೆ ಹೂವಿನಹಡಗಲಿ. ಸಿ.ಆರ್. ರಾವ್ ಹುಟ್ಟಿದ್ದು ಅಲ್ಲಿ, 1920ರಲ್ಲಿ. ಒಂದು ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಹುದು, ಅದರಾಚೆ ಯಾರಿಂದಲೂ ಏಕೆ ಆಗದು ಎಂದು ಅವರು ತೋರಿಸಿದ್ದು 1945ರಲ್ಲಿ. ಪಂಚಾಯಿತಿಯ ನಾಲ್ಕು ಹೊಲ, ಡಬ್ಬಿಯ ನಲವತ್ತು ಬೀಜ ಎಬ್ಬಿಸುವ ಪ್ರಶ್ನೆಯ ದೊಡ್ಡ ರೂಪ ಅದು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು.

ಆ ಹುಡುಗನನ್ನು ಮೊಳಕೆ ಪರೀಕ್ಷೆಯ ಲೆಕ್ಕ ಬರೆಯಲು ಹಾಕಿ, ಅವನು ಅಂಕಿಯನ್ನು ಸುಮ್ನೆ ನಂಬುವವನಲ್ಲ. ಹುಣಸೆ ಬೀಜ ಮಾತ್ರ ಬೇಸಿಗೆಯಲ್ಲಿ ಹಣ್ಣು ಕುಟ್ಟುವಾಗಲೇ ಕೂಡಿಡಲು ಹೇಳಿ. ಜೂನ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.